ಬಾಟಲಿ ಮುಚ್ಚಳದ ಜೀವಾಳ

ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ ಎಂಬಿರಾ ಅನ್ನುವ ವಾದ್ಯ ಕಲಿಯಲು ಹೋದೆ, ಮೊದಲ ಪಾಠದ ದಿನವೇ ಒಂದು ಪೆದ್ದು ಪ್ರಶ್ನೆ ಕೇಳಿದೆ. ವಾದ್ಯದ ಹಲಗೆಗೆ ನಾಲ್ಕೈದು ಸೋಡಾ ಬಾಟಲಿಯ ಮುಚ್ಚಳ ಸಡಿಲವಾಗಿ ಪೋಣಿಸಿದ್ದರು. "ಇವನ್ನು ತೆಗೆದರೆ ಸ್ವರ ಚೊಕ್ಕ ಆಗುತ್ತಲ್ವಾ?" ಅಂದೆ. ಗುರುಗಳು ನಕ್ಕು, ಒಂದು ಕೈಯಲ್ಲಿ ಮುಚ್ಚಳಗಳನ್ನು ಒತ್ತಿ ಹಿಡಿದು ಇನ್ನೊಂದರಲ್ಲಿ ನುಡಿಸಿದರು. ಟಿಣ್ ಟಿಣ್ ಅಂತ ಶುದ್ಧ ಸ್ವರ. ಕೈ ತೆಗೆದರು. ಅದೇ ಸ್ವರದ ಸುತ್ತ ಜೇನು ಎದ್ದ ಹಾಗೆ ಗುಂಯ್ ಅಂತು. "ಮೊದಲಿನದು ನಿನಗೆ, ಇದು ಅವರಿಗೆ" ಅಂದರು. ಅವರು ಅಂದರೆ ತೀರಿಕೊಂಡ ಹಿರಿಯರು.

ನನಗೆ ಕಣ್ಮುಂದೆ ಬಂದದ್ದು ಪುತ್ತೂರಿನ ಅತ್ತೆಯ ತಂಬೂರಿ. ಕುದುರೆಯ (ತಂತಿಗಳನ್ನು ಹೊರುವ ಪುಟ್ಟ ಮಣೆಯ) ಮೇಲೆ ತಂತಿಯ ಅಡಿ ಒಂದೆಳೆ ದಾರ ತೂರಿಸಿ, ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾ ಕೂರುತ್ತಿದ್ದರು. ಗುಂಯ್ ಅನ್ನುವ ತನಕ ಹಾಡು ಶುರುವಿಲ್ಲ. ಆ ದಾರಕ್ಕೆ ನಮ್ಮಲ್ಲಿ ಜೀವಾಳ ಅಂತ ಹೆಸರು. ಹರಾರೆಯಲ್ಲಿ ಅದು ಸೋಡಾ ಮುಚ್ಚಳ. ಮುಂಚೆ ಚಿಪ್ಪು ಕಟ್ಟುತ್ತಿದ್ದರಂತೆ.

ಎಂಬಿರಾ ಅನ್ನುವ ಹೆಸರನ್ನು ಹೇಳುವುದಕ್ಕೂ ಒಂದು ರೀತಿಯಿದೆ. ತುಟಿ ಮುಚ್ಚಿ 'ಮ್' ಅಂದು ಆಮೇಲೆ 'ಬಿರಾ' ಅನ್ನಬೇಕು. ವಾದ್ಯ ಜಿಂಬಾಬ್ವೆಯ ಶೋನಾ ಜನರದು. ಅಂಗೈ ಅಗಲದ ಮರದ ಹಲಗೆ, ಅದರ ಮೇಲೆ ಬಡಿದು ಚಪ್ಪಟೆ ಮಾಡಿದ 22ರಿಂದ 28 ಕಬ್ಬಿಣದ ಪಟ್ಟಿಗಳು. ನುಡಿಸುವುದು ಮೂರೇ ಬೆರಳಲ್ಲಿ. ಎರಡು ಹೆಬ್ಬೆರಳು ಮೇಲಿಂದ ಒತ್ತುತ್ತವೆ, ಬಲಗೈ ತೋರುಬೆರಳು ಅಡಿಯಿಂದ ಮೀಟುತ್ತದೆ. ಕಿರುಬೆರಳನ್ನು ಹಲಗೆಯ ತೂತಿಗೆ ತೂರಿಸಿ ಹಿಡಿತ ಸಿಗಿಸಿಕೊಳ್ಳಬೇಕು. ಮೂರನೇ ವಾರಕ್ಕೆ ನನ್ನ ತೋರುಬೆರಳ ಉಗುರು ಸೀಳಿತು. ಹಲಗೆಯ ಮರಕ್ಕೆ ಮುಬ್ವಾಮರೋಪ ಅನ್ನುತ್ತಾರೆ, ರಕ್ತ ಒಸರುವ ಮರ ಅಂತ ಅರ್ಥ. ಕಡಿದರೆ ಕೆಂಪು ಅಂಟು ಬರುತ್ತದೆ. ಆಮೇಲೆ ತಿಳಿಯಿತು, ಅದು ನಮ್ಮ ಹೊನ್ನೆ ಮರದ ದಾಯಾದಿ.

ಗುರುಗಳನ್ನು ನಾನು ಸೆಕುರು ಅಂತ ಕರೆಯುತ್ತೇನೆ. ಶೋನಾದಲ್ಲಿ ಅಜ್ಜನಿಗೂ ಅದೇ ಮಾತು, ಸೋದರಮಾವನಿಗೂ ಅದೇ ಮಾತು. ಅಳಿಯಕಟ್ಟಿನ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಕುಲದ ಗುರುತು ಸಿಂಹ. ಇಲ್ಲಿ ಪ್ರತಿಯೊಬ್ಬರಿಗೂ ಇಂಥದೊಂದು ಮುಟುಪೋ ಇರುತ್ತದೆ. ಸಿಂಹ, ಕೋತಿ, ಮೀನುಹದ್ದು ಹೀಗೆ. ಆ ಪ್ರಾಣಿಯನ್ನು ತಿನ್ನುವ ಹಾಗಿಲ್ಲ, ಒಂದೇ ಮುಟುಪೋದವರು ಮದುವೆ ಆಗುವ ಹಾಗಿಲ್ಲ. ನಮ್ಮ ಕಡೆಯ ಬಳಿ, ಬೆಡಗು ಅನ್ನುವ ಕುಲಗಳ ಹಾಗೆಯೇ. ಸೆಕುರುವಿಗೆ ಥ್ಯಾಂಕ್ಸ್ ಹೇಳಬೇಕಾದರೆ "ಮೈತಾ ಶುಂಬಾ" ಅನ್ನಬೇಕು, ಸಿಂಹಕ್ಕೆ ನಮಸ್ಕಾರ ಅನ್ನುವ ಹಾಗೆ. ಜೊತೆಗೆ ಕೈ ತಟ್ಟಬೇಕು. ಹೆಂಗಸರು ಅಂಗೈ ಬೊಗಸೆ ಮಾಡಿ, ಗಂಡಸರು ಚಪ್ಪಟೆಯಾಗಿ. ನಾನು ಎಷ್ಟೋ ದಿನ ಗಂಡಸರ ಹಾಗೆ ತಟ್ಟಿ ಅವರ ಮನೆಯವರನ್ನೆಲ್ಲ ನಗಿಸಿದ್ದೇನೆ.

ಹೆಂಗಸಾದ ನನಗೆ ಪಾಠ ಸುಲಭವಾಗಿ ಸಿಕ್ಕಿತು. ಎಂಬಿರಾದ ಹೆಸರಾಂತ ಕಲಾವಿದೆ ಸ್ಟೆಲ್ಲಾ ಚಿವೇಶೆ ಅವರಿಗೆ 1960ರ ದಶಕದಲ್ಲಿ ಸಿಕ್ಕಿರಲಿಲ್ಲ. ಹೆಣ್ಣುಮಗಳಿಗೆ ಕಲಿಸಲು ಯಾರೂ ಒಪ್ಪಲಿಲ್ಲ, ಕೊನೆಗೆ ನೆಂಟರಲ್ಲೇ ಒಬ್ಬ ಹಿರಿಯರು ಕಲಿಸಿದರು. 1974ರಲ್ಲಿ ಅವರ ಮೊದಲ ರೆಕಾರ್ಡ್ ಬಂದಾಗ ನುಡಿಸಿದ್ದು ಎರವಲು ಎಂಬಿರಾ. ಆಮೇಲೆ ಲೋಕವೆಲ್ಲ ಸುತ್ತಿ ಬಂದರು. 2023ರಲ್ಲಿ ತೀರಿಕೊಂಡರು.

ಎರಡನೇ ವರ್ಷ ಸೆಕುರು ತಮ್ಮ ಹಳ್ಳಿಯ ಬಿರಾಕ್ಕೆ ಕರೆದರು. ಹಿರಿಯರನ್ನು ಕರೆಸಿ ಮಾತಾಡಿಸುವ ರಾತ್ರಿ ಅದು. ಹೋಗುವ ಮುಂಚೆಯೇ ಹೇಳಿದ್ದರು: ಕೆಂಪು ಬಟ್ಟೆ ಬೇಡ, ಚಪ್ಪಲಿ ವಾಚು ಹೊರಗೆ, ಮೊಬೈಲ್ ತೆಗೆಯುವುದೇ ಬೇಡ. ದುಂಡನೆಯ ಅಡುಗೆ ಗುಡಿಸಲು. ಬಾಗಿಲಿಗೆ ಎದುರಾಗಿ ಮಣ್ಣಿನ ಜಗಲಿ, ಅದರ ಮೇಲೆ ಮಡಕೆಗಳ ಸಾಲು. ಅದು ಹಿರಿಯರ ಜಾಗ, ಸುಮ್ನೆ ಒರಗಿ ಕೂರುವ ಹಾಗಿಲ್ಲ. ಮೂವರು ಎಂಬಿರಾ ಹಿಡಿದು ಕೂತರು. ದೊಡ್ಡ ಸೋರೆಬುರುಡೆಯ ಒಳಗೆ ಹಲಗೆಯನ್ನು ಕಡ್ಡಿ ಕೊಟ್ಟು ನಿಲ್ಲಿಸಿದರೆ ದನಿ ಮೂರು ಪಟ್ಟು ಬರುತ್ತದೆ. ಒಬ್ಬರು ಎತ್ತಿಕೊಂಡರು, ಅದು ಕುಶೌರಾ. ಇನ್ನೊಬ್ಬರು ಅದರ ಸಂದುಗಳಲ್ಲಿ ತಮ್ಮ ಸ್ವರ ಇಡುತ್ತಾ ಹೋದರು, ಅದು ಕುತ್ಸಿನ್ಹಿರಾ. ಎರಡೂ ಸೇರಿದಾಗ ಮೂರನೆಯದೊಂದು ಹಾಡು ಕೇಳುತ್ತದೆ. ಅದನ್ನು ಅಲ್ಲಿ ಯಾರೂ ನುಡಿಸುತ್ತಿರುವುದಿಲ್ಲ! ನಾನು ಬೆರಳುಗಳನ್ನು ಎಷ್ಟು ನೋಡಿದರೂ ಆ ಸ್ವರ ಯಾರದು ಅಂತ ಹಿಡಿಯಲಾಗಲಿಲ್ಲ. ಕಾಳು ತುಂಬಿದ ಹೋಶೋ ಬುರುಡೆಗಳನ್ನು ಒಬ್ಬ ಹುಡುಗ ಬೆಳಗಿನ ತನಕ ಒಂದೇ ಲಯದಲ್ಲಿ ಅಲ್ಲಾಡಿಸಿದ. ಎಲ್ಲರಿಗಿಂತ ಕಷ್ಟದ ಕೆಲಸ ಅವನದೇ ಅಂತ ನನ್ನ ಲೆಕ್ಕ.

ಕುಡಿಯಲು ಕೊಟ್ಟದ್ದು ರಾಗಿಯ ಬಿಯರ್. ಹೌದು, ನಮ್ಮದೇ ರಾಗಿ. ನಮ್ಮಲ್ಲಿಗೆ ಅದು ಬಂದದ್ದೇ ಆಫ್ರಿಕಾದಿಂದ ತಾನೆ. ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಏಳು ದಿನ ಇಟ್ಟು ಮಾಡುತ್ತಾರೆ. ಅಮ್ಮ ಫೋನಿನಲ್ಲಿ ಏನು ಕುಡಿದೆ ಅಂತ ಕೇಳಿದಾಗ ರಾಗಿ ಮಾಲ್ಟ್ ಅಂದೆ. ಪೂರ್ತಿ ಸುಳ್ಳೇನಲ್ಲ.

ಮೂರು ಗಂಟೆಯ ಹೊತ್ತಿಗೆ ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿಯ ಭುಜ ನಡುಗಿತು. ಕಪ್ಪು ಬಟ್ಟೆ ಹೊದಿಸಿದರು, ನಶ್ಯ ಕೊಟ್ಟರು. ಎದ್ದ ದನಿ ಅಜ್ಜಿಯದಲ್ಲ, ಗಂಡಸಿನದು. ಮನೆಯವರೆಲ್ಲ ಮಂಡಿಯೂರಿ ಕೈ ತಟ್ಟಿದರು. ದನಿ ಮೊದಲು ಬೈಯಿತು, ಇಷ್ಟು ದಿನ ಯಾಕೆ ಕರೆಯಲಿಲ್ಲ ಅಂತ. ಆಮೇಲೆ ಒಬ್ಬ ಮೊಮ್ಮಗನ ಜಗಳ ವಿಚಾರಿಸಿತು. ಪಂಜುರ್ಲಿಯ ಎದುರು ಕೈಮುಗಿದು ನಿಂತು ನುಡಿ ಕೇಳಿದವರಿಗೆ ಇದರಲ್ಲಿ ಹೊಸದೇನಿದೆ? ನಾನು ಹೆದರಲಿಲ್ಲ. ಮನೆಯ ನೆನಪಾಗಿ ಅಳು ಬಂತು, ಅಷ್ಟೇ.

ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದನ್ನು ಹೇಳಿದಾಗ ಒಬ್ಬರು "ಅದು ಮಾಟಮಂತ್ರ ಅಲ್ವಾ, ಹುಷಾರು" ಅಂದರು. ಅವರ ಮನೆಯಲ್ಲೇ ವರ್ಷಕ್ಕೊಂದು ಕೋಲ ಆಗುತ್ತದೆ! ಅವರನ್ನು ಮಾತ್ರ ಯಾಕೆ ದೂರಲಿ, ಇಲ್ಲಿಯವರದೂ ಅದೇ ಮಾತು. ಸೆಕುರು ಅವರ ಸ್ವಂತ ತಂಗಿ ಬಿಳಿ ನಿಲುವಂಗಿ ತೊಟ್ಟು ಮರದಡಿ ಪ್ರಾರ್ಥಿಸುವ ಕ್ರೈಸ್ತ ಪಂಗಡದವರು. ಎಂಬಿರಾ ಹಿಡಿದು ಅಣ್ಣ ಬಂದರೆ ಅವರು ಬಾಗಿಲು ತೆಗೆಯುವುದಿಲ್ಲ. ಅಣ್ಣ ವಾದ್ಯವನ್ನು ಕಾರಿನಲ್ಲಿ ಬಿಟ್ಟು ಒಳಗೆ ಹೋಗಿ ಊಟ ಮಾಡಿ ಬರುತ್ತಾರೆ. ಅದೇ ಹರಾರೆಯ ನಡುಮಧ್ಯೆ 2021ರಲ್ಲಿ ನೆಹಾಂಡಾ ಪ್ರತಿಮೆ ನಿಲ್ಲಿಸಿದ್ದಾರೆ. ಬಿಳಿಯರ ವಿರುದ್ಧದ ದಂಗೆಗಾಗಿ 1898ರಲ್ಲಿ ಗಲ್ಲಿಗೇರಿದ ಹೆಂಗಸು ಆಕೆ. ಅವರ ಮೈಮೇಲೂ ಹಿರಿಯರು ಬರುತ್ತಿದ್ದರು. ಪ್ರತಿಮೆಗೆ ಸಲಾಂ, ಎಂಬಿರಾ ಬೇಡ ಅನ್ನುವ ಲೆಕ್ಕ ನನಗಂತೂ ಬಗೆಹರಿದಿಲ್ಲ.

ಮಿಷನರಿಗಳ ಕಾಲದ ಒಂದು ಉಪಾಯ ನನಗೆ ಬಹಳ ಇಷ್ಟ. ಮುರೇವಾ ಕಡೆ ಎಂಬೆಂದೆ ಅಂತ ಒಂದು ಕುಣಿತವಿದೆ. ಗಂಡಸರು ಕುಕ್ಕರಿಸಿ, ಎರಡೂ ಕೈ ಜಾಡಿಸುತ್ತಾ, ಬಿಲ ತೋಡುವ ಪ್ರಾಣಿಯ ಹಾಗೆ ನೆಲ ಒದೆಯುತ್ತಾರೆ. ಡೋಲು ಒಂದೇ, ಜೊತೆಗೆ ಮರದ ಚಿಟಿಕೆ. ಇದು ಅಶ್ಲೀಲ ಅಂತ ಮಿಷನರಿಗಳು ಕಣ್ಣು ಕೆಂಪಗೆ ಮಾಡಿದರು. ಜನ ಕುಣಿತ ಬಿಡಲಿಲ್ಲ, ಹೆಸರು ಬದಲಿಸಿದರು. ಜೆರುಸಾರೆಮಾ ಅಂದರು, ಅಂದರೆ ಜೆರುಸಲೇಮ್! ಈಗ ಯುನೆಸ್ಕೋ ಪಟ್ಟಿಯಲ್ಲಿ ಎರಡು ಹೆಸರೂ ಒಟ್ಟಿಗೆ ಇವೆ. 2020ರಲ್ಲಿ ಎಂಬಿರಾವೂ ಆ ಪಟ್ಟಿಗೆ ಸೇರಿತು, ಮಲಾವಿಯ ಇಂಥದೇ ವಾದ್ಯ ಸಾನ್ಸಿ ಜೊತೆ. ಎಪ್ಪತ್ತರ ದಶಕದ ಸ್ವಾತಂತ್ರ್ಯ ಹೋರಾಟದ ಹೊತ್ತಲ್ಲಿ ಗಾಯಕ ಥಾಮಸ್ ಮಾಪ್‌ಫುಮೋ ತಂಡ ಎಂಬಿರಾದ ಸ್ವರಗಳನ್ನೇ ಎಲೆಕ್ಟ್ರಿಕ್ ಗಿಟಾರಿಗೆ ಇಳಿಸಿತು. ತಂತಿಯನ್ನು ಅಂಗೈಯಲ್ಲಿ ಅದುಮಿ ಮೀಟಿದರೆ ಥೇಟ್ ಕಬ್ಬಿಣದ ಪಟ್ಟಿಯ ದನಿ. ಬಿಳಿಯರ ಸರಕಾರ ಅವರನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಿತ್ತು.

ನವೆಂಬರ್ ಬಂದರೆ ಎಲ್ಲ ಬಂದ್. ಶೋನಾದಲ್ಲಿ ಆ ತಿಂಗಳಿಗೆ ಎಂಬುಡ್ಜಿ ಅನ್ನುತ್ತಾರೆ, ಮೇಕೆ ಅಂತ ಅರ್ಥ. ಬಿರಾ ಇಲ್ಲ, ಮದುವೆ ಇಲ್ಲ, ಸೆಕುರು ಪಾಠವನ್ನೂ ಮಾಡುವುದಿಲ್ಲ. ಹಿರಿಯರು ವಿಶ್ರಾಂತಿಯಲ್ಲಿರುತ್ತಾರಂತೆ. ಹೋದ ವರ್ಷ ಅವರಿಗೆ ನಮ್ಮ ಪತ್ತನಾಜೆಯ ವಿಷಯ ಹೇಳಿದೆ. ಮೇ ಕೊನೆಗೆ ದೈವಗಳೂ ಯಕ್ಷಗಾನದ ಗೆಜ್ಜೆಗಳೂ ಒಳಗೆ ಹೋಗುತ್ತವೆ, ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ, ನವೆಂಬರಿನ ಹೊತ್ತಿಗೆ, ಮತ್ತೆ ಶುರು ಅಂದೆ.

ಸೆಕುರು ನಶ್ಯದ ಡಬ್ಬಿ ಮುಚ್ಚಿದರು. ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಓ, ನಮ್ಮವರು ನವೆಂಬರಿನಲ್ಲಿ ಎಲ್ಲಿಗೆ ಹೋಗುತ್ತಾರೆ ಅಂತ ಈಗ ಗೊತ್ತಾಯಿತು" ಅಂದರು.