ಹವ್ಯಾಸಕ್ಕೆ ಸೈಕಲ್ ತುಳಿಯುವವರ ವೇಗ ಎಷ್ಟಿರುತ್ತದೆ?

ಸೈಕಲ್ ಸವಾರಿ ಆರಂಭಿಸಿ ಕೆಲವು ತಿಂಗಳಾದವರು ನನ್ನನ್ನು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: "ನನ್ನ ಸರಾಸರಿ ವೇಗ ಗಂಟೆಗೆ 18 ಕಿ.ಮೀ. ಬರುತ್ತಿದೆ, ಇದು ತೀರಾ ಕಡಿಮೆಯಲ್ಲವೇ? ಉಳಿದವರು ಎಷ್ಟು ವೇಗದಲ್ಲಿ ಹೋಗುತ್ತಾರೆ?" ಮೊದಲು ನೇರ ಉತ್ತರವನ್ನು ಹೇಳಿಬಿಡುತ್ತೇನೆ. ಅದು ಕಡಿಮೆಯಲ್ಲ. ಸಮತಟ್ಟಾದ ರಸ್ತೆಯಲ್ಲಿ, ಹೆಚ್ಚು ಗಾಳಿಯಿಲ್ಲದ ದಿನ, ಒಬ್ಬರೇ ಹೋಗುವಾಗ ಹೊಸಬರ ಸರಾಸರಿ ವೇಗ ಸಾಮಾನ್ಯವಾಗಿ ಗಂಟೆಗೆ 14ರಿಂದ 18 ಕಿ.ಮೀ. ಇರುತ್ತದೆ. ವಾರಕ್ಕೆ ಎರಡು ಮೂರು ಸಲ ತಪ್ಪದೆ ತುಳಿಯುವವರದು 19ರಿಂದ 24ರ ನಡುವೆ ಬರುತ್ತದೆ. ರೋಡ್ ಬೈಕ್ (ತೆಳು ಟೈರಿನ, ವೇಗಕ್ಕೆಂದೇ ಮಾಡಿದ ಸೈಕಲ್) ಮೇಲೆ ವರ್ಷಗಳ ಅಭ್ಯಾಸವಿರುವವರು 25ರಿಂದ 29ರವರೆಗೆ ತಲುಪುತ್ತಾರೆ. ಯಾರ ನೆರವೂ ಇಲ್ಲದೆ ಗಂಟೆಗಟ್ಟಲೆ 30ರ ಸರಾಸರಿಯನ್ನು ಉಳಿಸಿಕೊಳ್ಳುವ ಹವ್ಯಾಸಿಗಳು ಕೆಲವರೇ. ಇವೆಲ್ಲ ಅಂದಾಜಿನ ಅಂಕಿಗಳು. ಆದರೂ ಕೋಪನ್‌ಹೇಗನ್ ನಗರದ ಪ್ರಮುಖ ರಸ್ತೆಯೊಂದರಲ್ಲಿ ಸೈಕಲ್ ಸವಾರರಿಗೆ ಸತತವಾಗಿ ಹಸಿರು ದೀಪ ಸಿಗುವಂತೆ ಸಿಗ್ನಲ್‌ಗಳನ್ನು ಹೊಂದಿಸಿದಾಗ ಆರಿಸಿಕೊಂಡ ವೇಗ ಗಂಟೆಗೆ 20 ಕಿ.ಮೀ. ಆಗಿತ್ತು ಎಂಬುದನ್ನು ಗಮನಿಸಿದರೆ, ದಿನನಿತ್ಯ ತುಳಿಯುವ ಸಾಮಾನ್ಯ ಜನರ ವೇಗ ಯಾವ ಆಸುಪಾಸಿನಲ್ಲಿದೆ ಎಂಬುದು ತಿಳಿಯುತ್ತದೆ.

ಇಷ್ಟು ಹೇಳಿದ ಮೇಲೂ ಕೇಳಿದವರಿಗೆ ಸಮಾಧಾನವಾಗುವುದಿಲ್ಲ, ಏಕೆಂದರೆ ಅವರ ಮನಸ್ಸಿನಲ್ಲಿರುವುದು 30 ಎಂಬ ಅಂಕಿ. ಆ ಅಂಕಿಗೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಪ್ರತಿಯೊಬ್ಬ ಸವಾರರೂ ಒಮ್ಮೆ ಲೆಕ್ಕ ಹಾಕಿ ನೋಡಬೇಕೆಂದು ನನಗೆ ಅನ್ನಿಸುತ್ತದೆ. ಸಮತಟ್ಟಿನ ಮೇಲೆ ಸೈಕಲ್ಲನ್ನು ತಡೆಯುವ ಮುಖ್ಯ ಬಲಗಳು ಎರಡು: ಟೈರು ನೆಲದ ಮೇಲೆ ಉರುಳುವಾಗ ಉಂಟಾಗುವ ತಡೆ ಮತ್ತು ಗಾಳಿಯ ತಡೆ. ಮೊದಲನೆಯದು ವೇಗ ಹೆಚ್ಚಿದರೂ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಗಾಳಿಯ ತಡೆ ಹಾಗಲ್ಲ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಮತ್ತು ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ತೂಕವಿದ್ದು, ಸವಾರ ಸಾಕಷ್ಟು ನೆಟ್ಟಗೆ ಕುಳಿತಿದ್ದರೆ, ಗಂಟೆಗೆ 20 ಕಿ.ಮೀ. ವೇಗಕ್ಕೆ ಸುಮಾರು 70 ವಾಟ್ ಶಕ್ತಿ ಬೇಕು. 25 ಕಿ.ಮೀ. ವೇಗಕ್ಕೆ 115 ವಾಟ್, 30ಕ್ಕೆ 180 ವಾಟ್, 35ಕ್ಕೆ 270 ವಾಟ್ ಬೇಕಾಗುತ್ತದೆ. ವಿಶೇಷ ಅಭ್ಯಾಸವಿಲ್ಲದ ಆರೋಗ್ಯವಂತ ವಯಸ್ಕರು ಒಂದು ಗಂಟೆಯ ಕಾಲ ಸುಸ್ತಾಗದೆ ಕೊಡಬಲ್ಲ ಶಕ್ತಿ 75ರಿಂದ 100 ವಾಟ್ ಎಂದಿಟ್ಟುಕೊಂಡರೆ, ಬಹುಪಾಲು ಜನರ ವೇಗ 20ರ ಸುತ್ತಮುತ್ತ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಇನ್ನೊಂದು ಕಡೆಯಿಂದಲೂ ಇದೇ ಲೆಕ್ಕವನ್ನು ನೋಡಬಹುದು. 40 ಕಿ.ಮೀ. ದಾರಿಯನ್ನು 20ರ ವೇಗದಲ್ಲಿ ಕ್ರಮಿಸಲು 120 ನಿಮಿಷ, 25ರಲ್ಲಿ 96 ನಿಮಿಷ, 30ರಲ್ಲಿ 80 ನಿಮಿಷ ಹಿಡಿಯುತ್ತದೆ. ಮೊದಲ ಹೆಜ್ಜೆಯಲ್ಲಿ 45 ವಾಟ್ ಹೆಚ್ಚು ಖರ್ಚು ಮಾಡಿ 24 ನಿಮಿಷ ಉಳಿಸಿದೆವು. ಎರಡನೆಯ ಹೆಜ್ಜೆಯಲ್ಲಿ 65 ವಾಟ್ ಖರ್ಚು ಮಾಡಿಯೂ ಉಳಿದದ್ದು 16 ನಿಮಿಷ ಮಾತ್ರ. 30ರಿಂದ 35ಕ್ಕೆ ಏರಲು 90 ವಾಟ್ ಹೆಚ್ಚು ಬೇಕು, ಉಳಿಯುವುದು ಹನ್ನೊಂದು ನಿಮಿಷ. ವೇಗ ಹೆಚ್ಚಿದಂತೆಲ್ಲ ಶ್ರಮ ಬೆಳೆಯುತ್ತದೆ, ಲಾಭ ಕುಗ್ಗುತ್ತದೆ. ಮೂವತ್ತನ್ನು ಮುಟ್ಟಲಾಗಲಿಲ್ಲವೆಂದು ಬೇಸರಪಡುವವರು ತಮ್ಮ ಕಾಲುಗಳನ್ನು ದೂರುವ ಮೊದಲು ಈ ಲೆಕ್ಕವನ್ನು ನೋಡಲಿ.

ಗಾಳಿಯೇ ಮುಖ್ಯ ಎದುರಾಳಿ ಎಂಬುದು ಒಂದು ಗಂಟೆಯ ವಿಶ್ವದಾಖಲೆಯ ಇತಿಹಾಸದಲ್ಲಿ ಎದ್ದು ಕಾಣುತ್ತದೆ. 1972ರಲ್ಲಿ ಬೆಲ್ಜಿಯಂನ ಸೈಕಲ್ ಪಟು ಎಡ್ಡಿ ಮರ್ಕ್ಸ್ ಒಂದು ಗಂಟೆಯಲ್ಲಿ 49.431 ಕಿ.ಮೀ. ಸಾಗಿದ್ದು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿರುವ ಮೆಕ್ಸಿಕೋ ಸಿಟಿಯಲ್ಲಿ, ಏಕೆಂದರೆ ಅಲ್ಲಿನ ಗಾಳಿ ತೆಳು. 2022ರಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ ಸ್ವಿಟ್ಜರ್ಲೆಂಡಿನ ಒಳಾಂಗಣ ಟ್ರ್ಯಾಕಿನಲ್ಲಿ 56.792 ಕಿ.ಮೀ. ತಲುಪಿದಾಗ ಅವರ ಅಸಾಧಾರಣ ಶಕ್ತಿಯ ಜೊತೆಗೆ ಸೈಕಲ್ಲಿನ ಆಕಾರ, ಉಡುಪು ಮತ್ತು ಕುಳಿತ ಭಂಗಿ ಎಲ್ಲವೂ ಗಾಳಿಯನ್ನು ಸೀಳುವುದಕ್ಕೆಂದೇ ರೂಪುಗೊಂಡಿದ್ದವು. ನಮಗೆ ಇದರಿಂದ ಸಿಗುವ ಉಪಯೋಗ ಸಣ್ಣದಾದರೂ ನಿಜವಾದದ್ದು: ಮೊಣಕೈಗಳನ್ನು ಬಗ್ಗಿಸಿ ಬೆನ್ನನ್ನು ತುಸು ತಗ್ಗಿಸಿದರೆ, ಗಾಳಿಗೆ ಪಟಪಟನೆ ಹಾರುವ ಸಡಿಲ ಅಂಗಿಯನ್ನು ಬಿಟ್ಟರೆ, ಅದೇ ಶ್ರಮಕ್ಕೆ ಗಂಟೆಗೆ ಒಂದೆರಡು ಕಿ.ಮೀ. ಹೆಚ್ಚಾಗುತ್ತದೆ. ಹಗುರವಾದ ಸೈಕಲ್ ಕೊಂಡರೂ ಸಮತಟ್ಟಿನಲ್ಲಿ ಇಷ್ಟು ಲಾಭ ಸಿಗುವುದಿಲ್ಲ. ತೂಕದ ವ್ಯತ್ಯಾಸ ಏರಿನಲ್ಲಿ ಮಾತ್ರ ಅನುಭವಕ್ಕೆ ಬರುತ್ತದೆ.

ಏರಿನ ವಿಷಯಕ್ಕೆ ಬಂದರೆ ಸರಾಸರಿ ವೇಗ ಎಂಬ ಅಂಕಿ ನಮ್ಮನ್ನು ಎಷ್ಟು ದಾರಿತಪ್ಪಿಸುತ್ತದೆ ಎಂಬುದು ಅರ್ಥವಾಗುತ್ತದೆ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಮೇಲೆ ಹೇಳಿದ 85 ಕಿಲೋವನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಒಯ್ಯಲು ಸುಮಾರು 135 ವಾಟ್ ಬೇಕು. ಅದೇ ಶಕ್ತಿ ಸಮತಟ್ಟಿನಲ್ಲಿ 26–27ರ ವೇಗ ಕೊಡುತ್ತಿತ್ತು. ಏರಿನಲ್ಲಿ ಕಳೆದುಕೊಂಡದ್ದನ್ನು ಇಳಿಜಾರಿನಲ್ಲಿ ಪಡೆಯುತ್ತೇವೆ ಎಂದು ಹಲವರು ನಂಬಿದ್ದಾರೆ, ಆದರೆ ಗಣಿತ ಅದಕ್ಕೆ ಒಪ್ಪುವುದಿಲ್ಲ. ಹತ್ತು ಕಿ.ಮೀ. ಏರನ್ನು 10ರ ವೇಗದಲ್ಲಿ ಹತ್ತಲು ಒಂದು ಗಂಟೆ ಬೇಕು. ಅದೇ ಹತ್ತು ಕಿ.ಮೀ.ಯನ್ನು 40ರ ವೇಗದಲ್ಲಿ ಇಳಿಯಲು ಹದಿನೈದು ನಿಮಿಷ ಸಾಕು. ಒಟ್ಟು 20 ಕಿ.ಮೀ.ಗೆ ಒಂದೂಕಾಲು ಗಂಟೆ, ಅಂದರೆ ಸರಾಸರಿ 16. ಹತ್ತು ಮತ್ತು ನಲವತ್ತರ ನಡುವಿನ 25 ಅಲ್ಲ. ನಿಧಾನವಾಗಿ ಹೋದ ಭಾಗದಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವಾದ್ದರಿಂದ ಸರಾಸರಿಯ ಮೇಲೆ ಅದರ ಹಿಡಿತವೇ ಹೆಚ್ಚು. ಎದುರುಗಾಳಿಯದೂ ಇದೇ ಕಥೆ: ಹೋಗುವಾಗ ಎದುರು ಬೀಸಿದ ಗಾಳಿ ಬರುವಾಗ ಬೆನ್ನಿಗೆ ಬಂದರೂ ಅದು ಪೂರ್ತಿ ಸಾಲ ತೀರಿಸುವುದಿಲ್ಲ. ಹೀಗಿರುವಾಗ ಬೆಟ್ಟದ ಸೀಮೆಯವರ 17ನ್ನೂ ಬಯಲಿನವರ 23ನ್ನೂ ಪಕ್ಕಪಕ್ಕ ಇಟ್ಟು ಯಾರು ಗಟ್ಟಿಗರು ಎಂದು ತೀರ್ಮಾನಿಸುವುದು ಅನ್ಯಾಯ. ಪಂಕ್ಚರ್‌ಗೆ ಹೆದರಿ ಗಟ್ಟಿಯಾದ ಅಗಲ ಟೈರು ಹಾಕಿಸಿಕೊಂಡವರು, ಮಣ್ಣಿನ ದಾರಿಯಲ್ಲಿ ಮೌಂಟೇನ್ ಬೈಕ್ ಓಡಿಸುವವರು, ಪ್ರತಿ ಕಿಲೋಮೀಟರಿಗೊಂದು ಸಿಗ್ನಲ್ ದಾಟುವವರು, ಇವರೆಲ್ಲರ ಅಂಕಿಗಳನ್ನೂ ಹಾಗೆಯೇ ಓದಬೇಕು.

ಅಂಕಿಯನ್ನು ಹೇಗೆ ಅಳೆದರು ಎಂಬುದನ್ನೂ ಕೇಳದೆ ಹೋಲಿಕೆ ಮಾಡಬಾರದು. ಕೆಲವು ಆ್ಯಪ್‌ಗಳು ಚಕ್ರ ತಿರುಗುತ್ತಿದ್ದ ಸಮಯವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ, ಕೆಲವು ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗಿನ ಪೂರ್ತಿ ಸಮಯವನ್ನು ಹಿಡಿಯುತ್ತವೆ. 40 ಕಿ.ಮೀ.ಯನ್ನು ಎರಡು ಗಂಟೆಯಲ್ಲಿ ತುಳಿದು ನಡುವೆ ಅರ್ಧ ಗಂಟೆ ವಿಶ್ರಾಂತಿ ಪಡೆದವರ ವೇಗ ಒಂದು ಲೆಕ್ಕದಲ್ಲಿ 20, ಇನ್ನೊಂದರಲ್ಲಿ 16.

ಗುಂಪಿನಲ್ಲಿ ಹೋಗುವವರ ವೇಗವನ್ನು ಒಂಟಿ ಸವಾರರು ತಮಗೆ ಅಳತೆಗೋಲಾಗಿ ಇಟ್ಟುಕೊಳ್ಳುವುದೂ ಸರಿಯಲ್ಲ. ಮುಂದಿನವರ ಹಿಂಚಕ್ರಕ್ಕೆ ಹತ್ತಿರವಾಗಿ ಸಾಗಿದರೆ ಗಾಳಿಯ ತಡೆ ಮೂರನೇ ಒಂದು ಭಾಗದಷ್ಟು ಕಡಿಮೆಯಾಗಬಹುದು, ಹೀಗಾಗಿ ಒಬ್ಬರೇ 25ರಲ್ಲಿ ಹೋಗಬಲ್ಲವರು ಒಳ್ಳೆಯ ಗುಂಪಿನಲ್ಲಿ 29–30ರಲ್ಲಿ ಹೋಗುವುದು ಸಹಜ. ವೃತ್ತಿಪರರ ಪ್ರಸಿದ್ಧ ರೇಸ್ ಟೂರ್ ಡಿ ಫ್ರಾನ್ಸ್ ಗೆದ್ದವರ ಸರಾಸರಿ ಈಚಿನ ವರ್ಷಗಳಲ್ಲಿ 41ರಿಂದ 43ರ ನಡುವೆ ಇದೆ. ಅದು ಮೂರು ವಾರಗಳ ಕಾಲ, ಪರ್ವತಗಳನ್ನೂ ಸೇರಿಸಿ, ಬೆರಗುಗೊಳಿಸುವ ಸಾಧನೆಯೇ ಹೌದು, ಆದರೆ ಅದರ ಬಹುಭಾಗ ನೂರಕ್ಕೂ ಹೆಚ್ಚು ಸವಾರರ ಗುಂಪಿನ ಆಸರೆಯಲ್ಲಿ ಸಾಗಿದ್ದು. ಹೊಸಬರಿಗೆ ಇದಕ್ಕಿಂತ ಉಪಯುಕ್ತ ಅಳತೆ ಬ್ರೆವೆ ಸವಾರಿಗಳಲ್ಲಿದೆ (ಸ್ಪರ್ಧೆಯಿಲ್ಲದೆ, ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳು) ಎಂಬುದು ನನ್ನ ಅಭಿಪ್ರಾಯ. ಅಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ ಕಾಲಾವಕಾಶವಿರುತ್ತದೆ. 1891ರಲ್ಲಿ ರೇಸ್ ಆಗಿ ಆರಂಭವಾದ, ಸುಮಾರು 1200 ಕಿ.ಮೀ. ಉದ್ದದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಗೆ ಇಂದು ಹವ್ಯಾಸಿಗಳಿಗೆ ಇರುವ ಗರಿಷ್ಠ ಅವಧಿ 90 ಗಂಟೆ. ಊಟ, ನಿದ್ದೆ, ಪಂಕ್ಚರ್ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದರೆ ಈ ಮಿತಿಗಳೆಲ್ಲ ಗಂಟೆಗೆ 13ರಿಂದ 15 ಕಿ.ಮೀ.ಗೆ ಬರುತ್ತವೆ. ಸೈಕಲ್ ಲೋಕದಲ್ಲಿ ಅಪಾರ ಗೌರವವಿರುವ ಸವಾರಿಯ ಕನಿಷ್ಠ ವೇಗ ಅಷ್ಟು. ನಿಲ್ಲದೆ ಸಾಗುವುದೇ ಅಲ್ಲಿ ಬೇಕಾದ ಗುಣ.

ವೇಗ ಹೆಚ್ಚಿಸಿಕೊಳ್ಳಬೇಕೆಂಬ ಆಸೆ ತಪ್ಪಲ್ಲ, ನನಗೂ ಅದು ಪ್ರಿಯವಾದದ್ದು. ಅದಕ್ಕೆ ಮೊದಲು ಟೈರಿನ ಗಾಳಿ, ಚೈನಿನ ಎಣ್ಣೆ, ರಿಮ್ಮಿಗೆ ತಾಗುತ್ತಿರುವ ಬ್ರೇಕ್ ಮತ್ತು ಸೀಟಿನ ಎತ್ತರವನ್ನು ನೋಡಿ. ಸೀಟು ತಗ್ಗಾಗಿದ್ದರೆ ಮಂಡಿ ನೋಯುತ್ತದೆ, ಶಕ್ತಿಯೂ ವ್ಯರ್ಥವಾಗುತ್ತದೆ. ಭಾರದ ಗೇರಿನಲ್ಲಿ ತಿಣುಕುವುದನ್ನು ಬಿಟ್ಟು, ನಿಮಿಷಕ್ಕೆ 70ರಿಂದ 90 ಸುತ್ತು ಪೆಡಲ್ ತಿರುಗುವಂಥ ಹಗುರ ಗೇರಿಗೆ ಬನ್ನಿ. ಸವಾರಿಗಳಲ್ಲಿ ಹೆಚ್ಚಿನವು ಪಕ್ಕದಲ್ಲಿರುವವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಸಾಧ್ಯವಾಗುವಷ್ಟು ಹಗುರವಾಗಿರಲಿ, ವಾರಕ್ಕೊಮ್ಮೆ ಮಾತ್ರ ಉಸಿರು ಕಟ್ಟುವಂತೆ ತುಳಿಯಿರಿ. ಪ್ರಗತಿಯನ್ನು ಪರೀಕ್ಷಿಸಲು ಒಂದೇ ರಸ್ತೆಯನ್ನು ಆರಿಸಿಕೊಂಡು, ಗಾಳಿ ಹೆಚ್ಚಿಲ್ಲದ ಬೆಳಿಗ್ಗೆ, ತಿಂಗಳಿಗೊಮ್ಮೆ ಸಮಯ ಅಳೆಯಿರಿ. ನಿಮ್ಮ ಹಳೆಯ ಸಮಯವಲ್ಲದೆ ಬೇರೆ ಯಾವುದರೊಂದಿಗೂ ಅದನ್ನು ಹೋಲಿಸುವ ಅಗತ್ಯವಿಲ್ಲ.

ಸರಾಸರಿ ವೇಗ ನಿಜವಾಗಿಯೂ ಕೆಲಸಕ್ಕೆ ಬರುವುದು ಹೊಸ ದಾರಿಗೆ ಹೊರಡುವ ಮುನ್ನ ಸಮಯ ಅಂದಾಜು ಮಾಡುವಾಗ. ಸಮತಟ್ಟಿನ ನಿಮ್ಮ ವೇಗ 20 ಇದ್ದು, ಹೋಗಿ ಬರುವ ದಾರಿ ಒಟ್ಟು 60 ಕಿ.ಮೀ. ಉದ್ದವಿದ್ದು, ಅದರಲ್ಲಿ ಒಟ್ಟು 600 ಮೀಟರ್ ಏರಿಕೆ ಇದೆ ಎಂದುಕೊಳ್ಳಿ. ದೂರಕ್ಕೆ ಮೂರು ಗಂಟೆ. ಪ್ರತಿ ನೂರು ಮೀಟರ್ ಏರಿಕೆಗೆ ಎಂಟರಿಂದ ಹತ್ತು ನಿಮಿಷ ಸೇರಿಸಿದರೆ ಇನ್ನೊಂದು ಗಂಟೆ. ನೀರು ಕುಡಿಯಲು, ದಣಿವಾರಿಸಿಕೊಳ್ಳಲು, ದಾರಿ ವಿಚಾರಿಸಲು ಅರ್ಧ ಗಂಟೆ. ಸಂಜೆ ಆರರೊಳಗೆ ಮರಳಬೇಕೆಂದರೆ ಮಧ್ಯಾಹ್ನ ಒಂದೂವರೆಗೆ ಹೊರಡಬೇಕು. ಒಂದು ಪಂಕ್ಚರ್‌ಗೂ ಸಮಯ ಬಿಟ್ಟುಕೊಂಡು ಒಂದು ಗಂಟೆಗೇ ಹೊರಡುವುದು ಒಳ್ಳೆಯದು.