ಮಗಳ ಮೊದಲ ಜಿಂಕೆ ರೈಫಲ್: ತೋಟಾ ಸಿಕ್ಕಿತು, ಅಳತೆ ಸಿಗಲಿಲ್ಲ

ನವೆಂಬರಿನ ಬೇಟೆಗೆ ಮಗಳ ಕೈಗೆ ಕೊಡಬೇಕೆಂದು ಹಿಡಿದ ರೈಫಲ್ಲಿನ ಕೆಲಸ ಕಡೆಗೂ ಒಂದು ಹದಕ್ಕೆ ಬಂದಿದೆ. ಎಲ್ಲರೂ ಮೊದಲು ಕೇಳುವುದು ತೋಟಾ ಯಾವುದು ಎಂದು. ಅದು ಈ ಕೆಲಸದ ಅತಿ ಸುಲಭದ ಭಾಗವಾದ್ದರಿಂದ ಬೇಗ ಮುಗಿಸಿಬಿಡುತ್ತೇನೆ. ನಾವು .243 ವಿಂಚೆಸ್ಟರನ್ನು ಆರಿಸಿಕೊಂಡೆವು. .308ರ ಕೇಸಿನ ಕುತ್ತಿಗೆಯನ್ನು ಸಣ್ಣದು ಮಾಡಿ 1955ರಲ್ಲಿ ಹೊರತಂದ ಈ ತೋಟಾ ಬಿಳಿಬಾಲದ ಜಿಂಕೆಗೆ ಸಾಲದು ಎಂದು ವಾದಿಸುವವರು ನಾವಿರುವ ಅಮೆರಿಕದ ವಿಸ್ಕಾನ್ಸಿನ್‌ನ ಪ್ರತಿ ಬೇಟೆ ಬಿಡಾರದಲ್ಲೂ ಒಬ್ಬರಾದರೂ ಇರುತ್ತಾರೆ. ಆದರೆ ನಾವು ಕೂರುವ ಕಾಡಂಚಿನಲ್ಲಿ 120 ಗಜದಿಂದಾಚೆ ಕಣ್ಣಿಗೆ ಏನೂ ಬೀಳುವುದಿಲ್ಲ, ಮತ್ತು ಎದೆಗೂಡಿಗೆ ಸರಿಯಾಗಿ ಬಿದ್ದ 80 ಗ್ರೇನಿನ ತಾಮ್ರದ ಗುಂಡು, ಹೆದರಿ ಹೊಡೆದು ಹೊಟ್ಟೆಗೆ ಬಿದ್ದ ದೊಡ್ಡ ಗುಂಡಿಗಿಂತ ಎಷ್ಟೋ ಮೇಲು. 7ಎಂಎಂ-08 ಅಥವಾ 6.5 ಕ್ರೀಡ್‌ಮೂರ್ ತೋಟಾ ಹಿಡಿದವರೊಂದಿಗೆ ನನಗೆ ಜಗಳವಿಲ್ಲ. ತಾಮ್ರವೇ ಏಕೆ ಎಂದರೆ, ಸೀಸದ ಚೂರು ನಮ್ಮ ಮನೆಯ ಸಾರಿಗೆ ಬೀಳುವುದು ಬೇಡ ಎಂಬುದಷ್ಟೇ ಕಾರಣ. 2002ರಿಂದ ಈ ರಾಜ್ಯದ ಜಿಂಕೆಗಳಲ್ಲಿ ಕಾಣಿಸಿಕೊಂಡಿರುವ ಸಿಡಬ್ಲ್ಯುಡಿ ಎಂಬ ಮಿದುಳಿನ ಮಾರಕ ರೋಗದ ದೆಸೆಯಿಂದ ಹೇಗೂ ಮಾಂಸವನ್ನು ಪರೀಕ್ಷೆಯ ಫಲಿತಾಂಶ ಬರುವವರೆಗೆ ತಡೆದಿಡುತ್ತೇವೆ. ಅದರ ಮೇಲೆ ಇನ್ನೊಂದು ಅನುಮಾನವನ್ನು ಹೊತ್ತು ತಿರುಗುವ ತಾಳ್ಮೆ ನನಗಿಲ್ಲ.

ಕಾಗದಪತ್ರದ ವಿಷಯವೂ ಎಲ್ಲರಿಗೆ ಗೊತ್ತಿರುವುದೇ. ಅಂಗಡಿಯಿಂದ ರೈಫಲ್ ಕೊಳ್ಳಲು 18 ತುಂಬಿರಬೇಕಾದ್ದರಿಂದ ಖರೀದಿ ನನ್ನ ಹೆಸರಿನಲ್ಲಿದೆ, ಕಪಾಟಿನ ಕೀಲಿ ನನ್ನ ಬಳಿಯಿದೆ, ಹದಿಮೂರರ ಹುಡುಗಿ ಬೇಟೆ ಶಿಕ್ಷಣದ ಪ್ರಮಾಣಪತ್ರ ಪಡೆದಿದ್ದರೂ ಕಾಡಿನಲ್ಲಿ ಅವಳ ಪಕ್ಕದಲ್ಲಿ ನಾನಿರುತ್ತೇನೆ. ಅಂಗಡಿಗಳಲ್ಲಿ ಕಾಂಪ್ಯಾಕ್ಟ್ ಮಾದರಿ ತೋರಿಸಿ ಎಂದರೆ ಮೊದಲು ಗುಲಾಬಿ ಬಣ್ಣದ ಸ್ಟಾಕನ್ನೇ (ಭುಜಕ್ಕೆ ಊರುವ ಹಿಂಭಾಗ) ಮುಂದಿಡುತ್ತಾರೆ. ಬೇಟೆಯ ಉಡುಪಿಗೆ ಕಿತ್ತಳೆಯ ಜೊತೆಗೆ ಹೊಳೆಯುವ ಗುಲಾಬಿಯೂ ಸಲ್ಲುತ್ತದೆಂದು ರಾಜ್ಯವು 2016ರಲ್ಲಿ ಒಪ್ಪಿಕೊಂಡಿತು. ನನ್ನ ಮಗಳು ಇಂದಿಗೂ ಒಪ್ಪಿಕೊಂಡಿಲ್ಲ. ಕೊನೆಗೆ ಕಪ್ಪು ಸಿಂಥೆಟಿಕ್ ಸ್ಟಾಕಿನ, ತುಂಡುಗಳನ್ನು ತೆಗೆದು ಹಾಕಿ ಲೆಂತ್ ಆಫ್ ಪುಲ್ಲನ್ನು, ಅಂದರೆ ಟ್ರಿಗರಿನಿಂದ ಸ್ಟಾಕಿನ ಹಿಂತುದಿಯವರೆಗಿನ ಉದ್ದವನ್ನು, 12ರಿಂದ 13 ಇಂಚಿನವರೆಗೆ ಬದಲಿಸಬಹುದಾದ ಒಂದು ಶಾರ್ಟ್ ಆಕ್ಷನ್ (ಗಿಡ್ಡ ತೋಟಾಕ್ಕೆ ತಕ್ಕ ಗಿಡ್ಡ ಯಂತ್ರಭಾಗದ) ಬೋಲ್ಟ್ ರೈಫಲ್ ಮನೆಗೆ ಬಂತು. ಅದರ ಮೇಲೆ 3–9×40 ಸ್ಕೋಪನ್ನು (3ರಿಂದ 9 ಪಟ್ಟು ಹಿಗ್ಗಿಸುವ, 40 ಮಿಲಿಮೀಟರ್ ಮುಂಗಾಜಿನ ಗುರಿ ದುರ್ಬೀನು) ತಯಾರಕರೇ ಕೂರಿಸಿ ಕಳುಹಿಸಿದ್ದರು. ಈ ಟಿಪ್ಪಣಿಯ ಉಳಿದ ಭಾಗವೆಲ್ಲ ಆ ಸ್ಕೋಪ್ ಕೂತಿದ್ದ ಜಾಗದ ಕಥೆ.

ಬೆಂಚಿನ ಮೇಲೆ ನಾನು ಹೊಡೆದರೆ 100 ಗಜದಲ್ಲಿ ಗುಂಡುಗಳು ಇಂಚಿನ ಆಚೀಚೆ ಒಂದೆಡೆ ಬೀಳುತ್ತಿದ್ದವು. ಅವಳು ಹೊಡೆದರೆ ಕಾಗದದ ಎಲ್ಲ ಮೂಲೆಗಳಿಗೂ ಸಮಾನ ನ್ಯಾಯ ದೊರೆಯುತ್ತಿತ್ತು. ರೇಂಜಿನಲ್ಲಿದ್ದ ಹಿರಿಯರು ಒಬ್ಬೊಬ್ಬರಾಗಿ ಬಂದು, ಹುಡುಗಿ ಒದೆತಕ್ಕೆ ಹೆದರುತ್ತಿದ್ದಾಳೆ, ಇನ್ನೂ ಸಣ್ಣ ತೋಟಾ ಕೊಡಿ ಎಂದು ತೀರ್ಪು ಕೊಟ್ಟು ಹೋದರು. ಅವರ ಮಾತಿನಲ್ಲಿ ಅರ್ಧ ನಿಜವಿದೆ ಎಂಬುದನ್ನು ಅಲ್ಲಗಳೆಯಲಾರೆ, ಏಕೆಂದರೆ ಒದೆತದ ಶಕ್ತಿ ಕೋವಿಯ ತೂಕಕ್ಕೆ ವಿಲೋಮವಾಗಿರುತ್ತದೆ, ಮತ್ತು ಮಕ್ಕಳಿಗೆಂದು ಮಾಡುವ ರೈಫಲ್ಲುಗಳನ್ನೇ ಅತ್ಯಂತ ಹಗುರವಾಗಿ ಮಾಡುತ್ತಾರೆ. ಅದೇ ತೋಟಾವನ್ನು ಏಳು ಪೌಂಡಿನ ಬದಲು ಎಂಟು ಪೌಂಡಿನ ಕೋವಿಯಿಂದ ಹೊಡೆದರೆ ಒದೆತದಲ್ಲಿ ಎಂಟನೇ ಒಂದು ಪಾಲು ಕಡಿಮೆಯಾಗುತ್ತದೆ. ಹಾಗಾಗಿ ಸ್ಟಾಕಿನ ಟೊಳ್ಳಿನೊಳಗೆ ಒಂದು ಪೌಂಡು ಚರೆಯ ಚೀಲವನ್ನು ತುರುಕಿ ನೋಡಿದೆ. ಗುರಿ ಸುಧಾರಿಸಲಿಲ್ಲ. ಆಮೇಲೆ ಹಳೆಯ ಉಪಾಯವನ್ನೇ ಹಿಡಿದು, ಅವಳಿಗೆ ಕಾಣದಂತೆ ಮ್ಯಾಗಜೀನಿನಲ್ಲಿ ನಿಜ ತೋಟಾಗಳ ನಡುವೆ ಹುಸಿ ತೋಟಾಗಳನ್ನು ಬೆರೆಸಿ ಕೊಟ್ಟು ಪಕ್ಕದಲ್ಲಿ ನಿಂತು ಗಮನಿಸಿದೆ. ಒದೆತಕ್ಕೆ ಹೆದರುವವರ ಕೋವಿಯ ಮೂತಿ ಹುಸಿ ತೋಟಾದ ಟಿಕ್ ಸದ್ದಿಗೆ ಕೆಳಕ್ಕೆ ಕುಕ್ಕಬೇಕು. ಅವಳ ನಳಿಗೆ ಒಂದು ಕೂದಲಿನಷ್ಟೂ ಅಲುಗಲಿಲ್ಲ. ಟ್ರಿಗರ್ ಒತ್ತುವ ಮುನ್ನವೇ ತಲೆ ಮಾತ್ರ ಹಿಂದಕ್ಕೆ ಸರಿಯಿತು.

ಭುಜಕ್ಕಲ್ಲ, ಹುಬ್ಬಿಗೆ ಬೀಳುವ ಪೆಟ್ಟಿಗೆ ಅವಳು ಹೆದರುತ್ತಿದ್ದಳು. ಕಣ್ಣಿಗೂ ಸ್ಕೋಪಿನ ಹಿಂಗಾಜಿಗೂ ನಡುವೆ ಅಳತೆಪಟ್ಟಿ ಹಿಡಿದು ನೋಡಿದಾಗ ಎರಡೂವರೆ ಇಂಚೂ ಇರಲಿಲ್ಲ, ಆದರೆ ಆ ಸ್ಕೋಪಿಗೆ ಮೂರೂವರೆ ಇಂಚಿನ ಐ ರಿಲೀಫ್, ಅಂದರೆ ಪೂರ್ತಿ ಚಿತ್ರ ಕಾಣಲು ಕಣ್ಣಿಗೂ ಗಾಜಿಗೂ ಇರಬೇಕಾದ ಅಂತರ, ಬೇಕು. ತಯಾರಕರು ಸ್ಟಾಕನ್ನು ಹುಡುಗಿಯ ಅಳತೆಗೆ ಗಿಡ್ಡ ಮಾಡಿದ್ದರೇ ಹೊರತು, ಸ್ಕೋಪನ್ನು ಹದಿಮೂರೂವರೆ ಇಂಚಿನ ಸ್ಟಾಕಿಗೆ ಕೆನ್ನೆ ಊರುವ ದೊಡ್ಡ ಗಂಡಸಿಗೆಂದೇ ಬಿಗಿದಿದ್ದರು. ಸ್ಟಾಕ್ ಗಿಡ್ಡವಾದಷ್ಟೂ ಮುಖ ಮುಂದಕ್ಕೆ ಹೋಗುತ್ತದೆ, ಗಾಜು ಕಣ್ಣಿನ ಮೇಲೇ ಬರುತ್ತದೆ. ಅವಳು ತಲೆಯನ್ನು ಹಿಂದೆಳೆದು ಕೆನ್ನೆಯನ್ನು ಎತ್ತುತ್ತಾಳೆ. ಕೂಡಲೇ ಚಿತ್ರದ ಅಂಚಿನಲ್ಲಿ ಅರ್ಧಚಂದ್ರದಂಥ ಕಪ್ಪು ನೆರಳು ಮೂಡಿ ಒಮ್ಮೆ ಎಡಕ್ಕೆ, ಒಮ್ಮೆ ಕೆಳಕ್ಕೆ ಸರಿದಾಡುತ್ತದೆ. ಪಾಪದ ಹುಡುಗಿ ಆ ನೆರಳು ಎಲ್ಲ ಸ್ಕೋಪಿನಲ್ಲೂ ಇರುತ್ತದೆಂದೇ ತಿಳಿದಿದ್ದಳು.

ಸ್ಕೋಪನ್ನು ಒಂದಿಂಚು ಮುಂದೆ ತಳ್ಳಿದರೆ ಮುಗಿಯಿತು ಎಂದುಕೊಳ್ಳುವವರು ಸ್ಕೋಪನ್ನು ಹೊರುವ ಎರಡು ತುಂಡಿನ ಬೇಸಿನೊಂದಿಗೆ ಗುದ್ದಾಡಿಲ್ಲ. ಕಾಲು ಇಂಚು ಸರಿಯುವಷ್ಟರಲ್ಲಿ ಪವರ್ ರಿಂಗು (ಹಿಗ್ಗಿಸುವ ಪ್ರಮಾಣ ಬದಲಿಸುವ ಬಳೆ) ಹಿಂದಿನ ಮೌಂಟಿಗೆ ತಗುಲಿ ನಿಂತಿತು. ಹಿಂದಿನ ಮೌಂಟನ್ನೇ ಮುಂದೆ ತರಬೇಕೆಂದರೆ ಆಕ್ಷನ್ನಿನ ಮೇಲೆ ಉದ್ದಕ್ಕೂ ಕೂರುವ ಒಂದೇ ತುಂಡಿನ ಪಿಕಾಟಿನಿ ರೈಲ್ (ಅಡ್ಡ ಸೀಳುಗಳಿರುವ ಲೋಹದ ಪಟ್ಟಿ) ಬೇಕು. ಶಾರ್ಟ್ ಆಕ್ಷನ್ ಎಂದು ಸ್ಪಷ್ಟವಾಗಿ ಬರೆದು ತರಿಸಿದ್ದಕ್ಕೆ ಲಾಂಗ್ ಆಕ್ಷನ್ನಿನದು ಬಂತು. ಹಿಂದಿರುಗಿಸಿದೆ, ಲಕೋಟೆಯ ಮೇಲೆ ಶಾರ್ಟ್ ಎಂದು ಅಚ್ಚುಹಾಕಿ ಒಳಗೆ ಅದೇ ಲಾಂಗ್ ರೈಲನ್ನು ಇಟ್ಟು, ಬಹುಶಃ ಅದೇ ವಸ್ತುವನ್ನೇ, ಮತ್ತೆ ಕಳುಹಿಸಿದರು. ದೂರವಾಣಿಯಲ್ಲಿ ಸಿಕ್ಕ ಮಹನೀಯರು ತೂತು ಹೊಂದದಿದ್ದರೆ ಹೊಸ ತೂತು ಕೊರೆದುಕೊಳ್ಳಬಹುದಲ್ಲ ಎಂದು ಸಲಹೆ ನೀಡಿದರು. ಬೋಲ್ಟ್ ಕೂರುವ ರಿಸೀವರಿನ ಮೇಲೆ ಡ್ರಿಲ್ ಇಡುವ ಧೈರ್ಯವಿದ್ದವರು ಅವರ ಗ್ರಾಹಕರಾಗಿ ಮುಂದುವರಿಯಲಿ. ನಾನು ಬೇರೆ ಕಡೆ ಕೊಂಡುಕೊಂಡೆ.

ರೈಲ್ ಬಂದ ಮೇಲೆ ಉದ್ದದ ತೊಂದರೆ ತೀರಿ ಎತ್ತರದ ತೊಂದರೆ ಶುರುವಾಯಿತು. ಗಿಡ್ಡ ಪಂಚೆಯನ್ನು ಕೆಳಕ್ಕೆಳೆದರೆ ಸೊಂಟದಲ್ಲಿ ಸಡಿಲವಾಗುವಂತೆ, ರೈಲಿನ ದಪ್ಪವೂ 40 ಮಿಲಿಮೀಟರಿನ ಮುಂಗಾಜಿಗೆ ಬೇಕಾದ ಮಧ್ಯಮ ರಿಂಗೂ ಸೇರಿ ಸ್ಕೋಪ್ ಮೇಲೇರಿತು, ಅವಳ ಕೆನ್ನೆ ಕೋಂಬ್ (ಸ್ಟಾಕಿನ ಮೇಲೆ ಕೆನ್ನೆ ಊರುವ ಅಂಚು) ಬಿಟ್ಟು ಗಾಳಿಯಲ್ಲಿ ತೇಲಿತು. ಕೋಂಬ್ ಮೇಲೆ ದಪ್ಪ ಫೋಮ್ ಅಂಟಿಸಿದರೆ ಶುಚಿ ಮಾಡಲು ಬೋಲ್ಟನ್ನು ಹಿಂದಕ್ಕೆ ಎಳೆದು ತೆಗೆಯುವುದಕ್ಕೇ ಬರಲಿಲ್ಲ. ಕೊನೆಗೆ ಸ್ಕೋಪನ್ನೇ ಬದಲಿಸಿ ಗಂಟು ಬಿಡಿಸಿದೆ. 3–9×40ನ್ನು ಇಳಿಸಿ, ನನ್ನ ಹಳೆಯ ಕೋವಿಯ ಮೇಲಿದ್ದ 2–7×33ನ್ನು ಲೋ ರಿಂಗಿನಲ್ಲಿ ಕೂರಿಸಿದೆ. ಮುಂಗಾಜಿನ ವ್ಯಾಸದಲ್ಲಿ 7 ಮಿಲಿಮೀಟರ್ ಇಳಿದದ್ದಕ್ಕೆ ನೋಟದ ರೇಖೆ ಸುಮಾರು ಮೂರೂವರೆ ಮಿಲಿಮೀಟರ್ ಕೆಳಗೆ ಬಂತು, ಉಳಿದ ಕೊರತೆಯನ್ನು ಬೋಲ್ಟಿಗೆ ಅಡ್ಡಬಾರದ ಕಾಲು ಇಂಚಿನ ತೆಳು ಪ್ಯಾಡ್ ತುಂಬಿತು. 2 ಪವರಿನಲ್ಲಿ ಕಣ್ಣಿನತ್ತ ಬರುವ ಬೆಳಕಿನ ಕಿಂಡಿ 16 ಮಿಲಿಮೀಟರಿನಷ್ಟು ಅಗಲವಾಗಿರುವುದರಿಂದ ತಲೆ ಸ್ವಲ್ಪ ಆಚೀಚೆಯಾದರೂ ಚಿತ್ರ ಉಳಿಯುತ್ತದೆ. ಕಾಡಂಚಿನ ಬೇಟೆಗೆ 9 ಪವರ್ ಯಾರಿಗೆ ಬೇಕು ಎಂಬುದನ್ನು ಪ್ಯಾಕೇಜ್ ಮಾಡಿ ಮಾರುವವರೇ ಹೇಳಬೇಕು.

ಈ ಹಳೆಯ ಸ್ಕೋಪನ್ನು ಕಳೆದುಕೊಂಡ ನನ್ನ .30-30 ಕೋವಿ ಈಗ ಬರಿಗಣ್ಣಿನ ಗುರಿಗೆ ಮರಳಿದೆ, ಮತ್ತು ಅದರಿಂದ ಇನ್ನೊಂದು ಹುಚ್ಚು ಹತ್ತಿದೆ. ಒಂಬತ್ತು ದಿನದ ಗನ್ ಸೀಸನ್ ಮುಗಿದ ಬೆನ್ನಿಗೇ ಇಲ್ಲಿ ಮಝಲ್‌ಲೋಡರ್ (ಮೂತಿಯಿಂದ ಮದ್ದುಗುಂಡು ತುಂಬುವ ಕೋವಿ) ಸೀಸನ್ ಬರುತ್ತದೆ. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಒಂಟಿನಳಿಗೆಯ ಕೇಪಿನ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅಪ್ಪ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು, ಮಂಗ ಬೆದರಿಸುವುದನ್ನು ಬಿಟ್ಟು ಅದಕ್ಕೆ ಬೇರೆ ಕೆಲಸವಿರಲಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇರುವಂತೆಯೂ ಇರಲಿಲ್ಲ. ಮದ್ದು ಸುರಿದು, ಗಜದಲ್ಲಿ ಜಡಿದು, ಕೇಪು ಇಟ್ಟು ಹೊಡೆಯುವ ಅಂಥದೊಂದನ್ನು ಬಿಡಿಭಾಗಗಳ ಕಿಟ್ಟಿನಿಂದ ಕಟ್ಟಿ, ವಾಲ್ನಟ್ ಮರದ ಸ್ಟಾಕನ್ನು ನಾನೇ ಕೆತ್ತಬೇಕೆಂದಿದ್ದೇನೆ. ಈ ವಿಷಯವನ್ನು ಮನೆಯಲ್ಲಿ ಇನ್ನೂ ಪ್ರಸ್ತಾಪಿಸಿಲ್ಲ.

ಮತ್ತೆ .243ಕ್ಕೆ ಬರುವುದಾದರೆ, ಅಳತೆಯನ್ನು ಟೀ ಶರ್ಟಿನಲ್ಲಿ ತೆಗೆಯುವುದು ವ್ಯರ್ಥ. ತೆಳು ಅಂಗಿಯಲ್ಲಿ ಅವಳಿಗೆ ಹನ್ನೆರಡೂಮುಕ್ಕಾಲು ಇಂಚು ಹಿತವಾಗಿದ್ದರೆ, ನವೆಂಬರಿನ ಕಿತ್ತಳೆ ಕೋಟು ಹಾಕಿದ ಮೇಲೆ ತುಂಡುಗಳನ್ನೆಲ್ಲ ತೆಗೆದ 12 ಇಂಚೇ ಸರಿಹೋಯಿತು. ಆದ್ದರಿಂದ ಆಗಸ್ಟಿನ ಬಿಸಿಲಿನಲ್ಲಿ ರೇಂಜಿನವರೆಲ್ಲ ಅರ್ಧತೋಳಿನಲ್ಲಿ ಬೆವರುತ್ತಿರುವಾಗ ನನ್ನ ಮಗಳು ಹಿಮದ ಕೋಟು ತೊಟ್ಟು, ನನ್ನ ಕಡೆ ಒಂದೊಂದು ಈಡಿಗೂ ಒಮ್ಮೆ ಕೆಂಡಗಣ್ಣು ಬಿಡುತ್ತ ಅಭ್ಯಾಸ ಮಾಡಿದಳು. ಪರೀಕ್ಷೆ ಸರಳವಾಗಿತ್ತು: ಖಾಲಿ ಕೋವಿಯನ್ನು ಕಣ್ಣು ಮುಚ್ಚಿಕೊಂಡು ಭುಜಕ್ಕೇರಿಸಿ, ಕೆನ್ನೆ ಊರಿ, ಆಮೇಲೆ ಕಣ್ಣು ತೆರೆಯಬೇಕು. ಮೊದಲು ಕಣ್ಣು ತೆರೆದು ನೆರಳನ್ನು ಹುಡುಕಿ ಓಡಿಸುತ್ತಿದ್ದವಳು ಈಗ "ಅಪ್ಪಾ, ಪೂರ್ತಿ ದುಂಡಗಿದೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಅಂದಿನ ಕೊನೆಯ ಕಾಗದದಲ್ಲಿ ಅವಳ ಮೂರು ಗುಂಡುಗಳನ್ನೂ ನನ್ನ ಅಂಗೈ ಮುಚ್ಚುತ್ತಿತ್ತು. ಚರೆಯ ಚೀಲವನ್ನು ಹೊರತೆಗೆದ ಮೇಲೂ ಅದು ಕೆಡಲಿಲ್ಲ; ಹಿರಿಯರು ಯಾರೂ ತೀರ್ಪನ್ನು ಮರುಪರಿಶೀಲಿಸಲು ಬರಲಿಲ್ಲ.

ಹುಡುಗಿ ಬೆಳೆಯುತ್ತಿರುವುದರಿಂದ ಈ ಕೂರಿಕೆ ಶಾಶ್ವತವಲ್ಲ. ಸ್ಟಾಕಿಗೆ ಒಂದು ತುಂಡು ಸೇರಿಸಿದಾಗಲೆಲ್ಲ ಸ್ಕೋಪನ್ನೂ ಹಿಂದೆ ತರಬೇಕು, ಗುರಿಯನ್ನೂ ಹೊಸದಾಗಿ ಕೂರಿಸಬೇಕು. ಈಗ ರಿಂಗುಗಳು ರೈಲಿನ ಯಾವ ಸೀಳಿನಲ್ಲಿವೆ, ಯಾವ ತಿರುಪನ್ನು ಎಷ್ಟು ಬಿಗಿದಿದ್ದೇನೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಬೆಂಚಿನ ಕೆಲಸ ಇಷ್ಟಕ್ಕೆ ಸಾಕು. ಮುಂದಿನ ವಾರದಿಂದ ನೆಲದ ಮೇಲೆ ಕೂತು, ಶೂಟಿಂಗ್ ಸ್ಟಿಕ್ ಊರಿ, 50 ಗಜದಿಂದ ಶುರುಮಾಡುತ್ತೇವೆ. ಆ ಸ್ಟಿಕ್ಕನ್ನೂ ಆರಡಿ ಆಳಿನ ಅಳತೆಗೇ ಮಾಡಿದ್ದಾರೆ, ಕಡಿಮೆ ಮಾಡಿದರೂ ಅವಳ ಗಲ್ಲಕ್ಕೆ ಬರುತ್ತದೆ. ಗರಗಸ ಎಲ್ಲಿಟ್ಟಿದ್ದೇನೆಂದು ಹುಡುಕಬೇಕು.