ತಂಗಿಯ ಅಕ್ಟೋಬರ್ ಹರಳು: ಓಪಲ್ ಪದಕದ ಕೆಲಸ ಎಲ್ಲಿಗೆ ಬಂತು

ತಂಗಿಗೆ ಮಾಡುತ್ತಿರುವ ಬೆಳ್ಳಿ ಪದಕದಲ್ಲಿ ಹರಳು ಕೂರುವ ಗೂಡು ಈ ವಾರ ಸಿದ್ಧವಾಯಿತು. ಹರಳು ಇನ್ನೂ ಡಬ್ಬಿಯಲ್ಲೇ ಇದೆ. ಬೆಂಕಿಯ ಕೆಲಸ ಪೂರ್ತಿ ಮುಗಿಯದೆ ಅದನ್ನು ಹೊರಗೆ ತೆಗೆಯುವ ಹಾಗಿಲ್ಲ. ಓಪಲ್ ಒಳಗೆ ನೀರಿರುತ್ತದೆ. ಬಿಸಿ ತಾಗಿದರೆ ಬಿರುಕು ಬಿಡುತ್ತದೆ.

ಅವಳು ಹುಟ್ಟಿದ್ದು ಅಕ್ಟೋಬರಿನಲ್ಲಿ. ಅಮೆರಿಕದ ಆಭರಣ ವ್ಯಾಪಾರಿಗಳು 1912ರಲ್ಲಿ ತಿಂಗಳಿಗೊಂದು ಹರಳು ಅಂತ ಪಟ್ಟಿ ಮಾಡಿಕೊಂಡರು. ಅದೇ ಸ್ವಲ್ಪ ಬದಲಾಗುತ್ತಾ ಇವತ್ತಿಗೂ ನಡೆದಿದೆ. ಅಕ್ಟೋಬರಿಗೆ ಓಪಲ್ ಮತ್ತು ಟೂರ್ಮಲೀನ್. ಅಜ್ಜಿ ಕೇಳಿದ್ದು ಒಂದೇ ಮಾತು: "ನವರತ್ನದಲ್ಲಿ ಇಲ್ಲದ ಹರಳು ಯಾಕೋ ಮಾರಾಯ?" ಶುಕ್ರನಿಗೆ ವಜ್ರದ ಬದಲು ಇದನ್ನೇ ಹಾಕಿಕೊಳ್ಳುವವರಿದ್ದಾರೆ ಅಂದೆ. ಒಪ್ಪಿದರು.

ಟೂರ್ಮಲೀನ್ ಆಗಿದ್ದರೆ ಕೆಲಸ ಸುಲಭ ಇತ್ತು. ಹರಳಿನ ಗಟ್ಟಿತನಕ್ಕೆ ಮೋಸ್ ಅಂತ ಒಂದು ಅಳತೆ ಇದೆ, ಅಂಕಿ ಹೆಚ್ಚಾದಷ್ಟೂ ಗಟ್ಟಿ. ಅದರಲ್ಲಿ ಟೂರ್ಮಲೀನ್ 7ರಿಂದ 7.5. ಓಪಲ್ಲಿನದು 5.5ರಿಂದ 6.5 ಅಷ್ಟೇ. ನಮ್ಮ ರಸ್ತೆ ಧೂಳಿನಲ್ಲಿರುವ ಬೆಣಚುಕಲ್ಲಿನ ಪುಡಿಯೇ 7 ಇರುತ್ತದೆ, ಹಾಗಾಗಿ ಒಣ ಬಟ್ಟೆಯಲ್ಲಿ ಸುಮ್ನೆ ಉಜ್ಜಿದರೂ ಗೀರು ಬೀಳಬಹುದು. ಆದರೆ ಓಪಲ್ಲಿನ ಬಣ್ಣದಾಟ ಬೇರೆ ಯಾವ ಹರಳಿಗೂ ಇಲ್ಲ. ಒಳಗೆ ಸಿಲಿಕಾದ ಅತಿ ಸಣ್ಣ ಗುಂಡುಗಳು ಸಾಲುಸಾಲಾಗಿ ಕೂತಿರುತ್ತವೆ. ಬೆಳಕು ಆ ಸಾಲುಗಳಲ್ಲಿ ಹಾಯುವಾಗ ಬಣ್ಣಗಳಾಗಿ ಒಡೆಯುತ್ತದೆ. ಸ್ವಲ್ಪ ಓರೆ ಹಿಡಿದರೆ ಹಸಿರು ಇದ್ದಲ್ಲಿ ಕೆಂಪು ಬರುತ್ತದೆ. ನಾನು ಸೋತಿದ್ದು ಅದಕ್ಕೇ.

ಈ ಹರಳು ಎಥಿಯೋಪಿಯಾದ ವೆಲ್ಲೊ ಕಡೆಯದು. ಅಲ್ಲಿ 2008ರಲ್ಲಿ ಓಪಲ್ ಸಿಕ್ಕಿದ ಮೇಲೆ ಜೈಪುರದಲ್ಲಿ ಅದನ್ನು ಕಡೆಯುವ ಕೆಲಸ ಜೋರಾಯಿತು. ನನಗೂ ಜೈಪುರದಿಂದಲೇ ಬಂತು. ಮೊಟ್ಟೆಯಾಕಾರ, 10×8 ಮಿಲಿಮೀಟರ್, ಮೇಲೆ ಉಬ್ಬು, ಕೆಳಗೆ ಚಪ್ಪಟೆ. ವೆಲ್ಲೊದ ಓಪಲ್ ನೀರು ಕುಡಿಯುತ್ತದೆ. ನಾಲಿಗೆಗೆ ತಾಗಿಸಿದರೆ ಅಂಟುತ್ತದೆ, ಅದೇ ಗುರುತು. ತಂಗಿ ಇರುವುದು ತೀರ್ಥಹಳ್ಳಿಯಲ್ಲಿ, ಆಗುಂಬೆ ಮಳೆಯ ಪಕ್ಕದಲ್ಲೇ. ಅಲ್ಲಿ ಈ ಹರಳು ಹೇಗಿರುತ್ತದೆ ಅಂತ ಮೊದಲೇ ತಿಳಿಯಬೇಕಿತ್ತು. ತೂಕ ಹಾಕಿದೆ, 1.86 ಕ್ಯಾರೆಟ್. ನೀರಲ್ಲಿಟ್ಟು ತೆಗೆದಾಗ 2.04 ಆಗಿತ್ತು. ಬಣ್ಣ ಪೂರಾ ಮಾಯವಾಗಿ ಗಾಜಿನ ಚೂರಿನ ಹಾಗೆ ಕಂಡಿತು. ಗಾಬರಿ ಬೇಡ, ಒಣಗಿದರೆ ಬಣ್ಣ ಮರಳುತ್ತದೆ. ಆದರೆ ನಮ್ಮ ಥಂಡಿ ಹವೆಯಲ್ಲಿ ಒಣಗುವುದು ನಿಧಾನ. ತಕ್ಕಡಿ ಮತ್ತೆ 1.86 ತೋರಿಸಿದ ಮೇಲೇ ಡಬ್ಬಿಗೆ ಹಾಕಿದೆ.

ಉಂಗುರ ಬೇಡ, ಪದಕ ಅಂತ ನಿರ್ಧಾರವಾಗಿದ್ದು ಇದರಿಂದಲೇ. ಕೈ ದಿನವಿಡೀ ನೀರಲ್ಲಿರುತ್ತದೆ. ನೀರಾದರೂ ಆರುತ್ತದೆ, ಕೊಬ್ಬರಿ ಎಣ್ಣೆ, ಅರಿಶಿನ, ಸೆಂಟು ಒಳಗೆ ಇಳಿದರೆ ಹೋಗುವುದು ಕಷ್ಟ. ಹಿಂಬದಿಗೆ ತಗಡು ಮುಚ್ಚಿದ್ದೂ ಅದಕ್ಕೇ, ಕತ್ತಿನ ಬೆವರು ತಾಗಬಾರದು.

ಬೆಳ್ಳಿ ತಂದಿದ್ದು ಶಿವಮೊಗ್ಗದ ಗಾಂಧಿ ಬಜಾರಿನಿಂದ. ತಳಕ್ಕೆ 925ರ ತಗಡು, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಹರಳನ್ನು ಸುತ್ತುವ ಪಟ್ಟಿಗೆ 999ರ ಶುದ್ಧ ಬೆಳ್ಳಿ, ದಪ್ಪ 0.3 ಮಿಲಿಮೀಟರ್. ಶುದ್ಧ ಬೆಳ್ಳಿ ಮೆತ್ತಗಿರುತ್ತದೆ, ಕಡಿಮೆ ಒತ್ತಡಕ್ಕೇ ಬಾಗುತ್ತದೆ. ಓಪಲ್ ಮೇಲೆ ಜಾಸ್ತಿ ಬಲ ಹಾಕುವಂತಿಲ್ಲ ಅಲ್ವಾ. ಬಿಳಿಗಾರ ಹಚ್ಚಿ ಬೆಸೆದೆ. ಬೆಸುಗೆ ಓಡಬೇಕಾದರೆ ಬರೀ ಸೇರುವ ಜಾಗವನ್ನಲ್ಲ, ಇಡೀ ತಗಡನ್ನು ಒಂದೇ ಸಮ ಕಾಸಬೇಕು. ಇದನ್ನು ನಮ್ಮೂರಿನ ಅಕ್ಕಸಾಲಿಗ ಶೇಟ್ರು ಪಕ್ಕದಲ್ಲಿ ಕೂತು ಹೇಳಿಕೊಟ್ಟರು.

ಸುತ್ತಲೂ ರವೆಗುಂಡು ಬೇಕು ಅಂತ ಆಸೆ ಇತ್ತು. ಬೆಳ್ಳಿ ತಂತಿಯನ್ನು ಒಂದೇ ಅಳತೆಗೆ ಕತ್ತರಿಸಿ ಇದ್ದಿಲಿನ ಮೇಲಿಟ್ಟು ಊದಿದರೆ ಚೂರು ಕರಗಿ ತಾನೇ ದುಂಡಗಾಗುತ್ತದೆ. ಅದನ್ನು ನೋಡುತ್ತಾ ಕೂತರೆ ನನಗೆ ಊಟದ ನೆನಪಾಗುವುದಿಲ್ಲ. ಗುಂಡುಗಳನ್ನು ಚಿಮ್ಮಟದಲ್ಲಿ ಒಂದೊಂದಾಗಿ ಜೋಡಿಸಿದೆ. ಬೆಸೆದ ಮೇಲೆ ಹುಣಸೆ ನೀರಲ್ಲಿ ಕುದಿಸಿದೆ.

ಗೂಡಿನ ಒಳಗೆ ಕಪ್ಪು ಮಾಡಿದ್ದು ಈ ವಾರದ ಮುಖ್ಯ ಕೆಲಸ. ಅರೆಪಾರದರ್ಶಕ ಓಪಲ್ ಹಿಂದೆ ಕಪ್ಪಿದ್ದರೆ ಬಣ್ಣ ಎದ್ದು ಕಾಣುತ್ತದೆ. ಬೇಯಿಸಿದ ಮೊಟ್ಟೆಯನ್ನು ಪುಡಿ ಮಾಡಿ, ಅದರ ಜೊತೆ ಬೆಳ್ಳಿಯನ್ನೂ ಡಬ್ಬಿಯಲ್ಲಿ ಮುಚ್ಚಿಟ್ಟರೆ ಗಂಧಕದ ಹವೆಗೆ ಬೆಳ್ಳಿ ಕಪ್ಪಾಗುತ್ತದೆ. ಅಜ್ಜಿಗೆ ವಾಸನೆ ಬರಬಾರದು ಅಂತ ಹಿತ್ತಲಲ್ಲಿ ಇಟ್ಟಿದ್ದೆ. ಆಮೇಲೆ ಹೊರಮೈಯನ್ನು ಮಾತ್ರ ಅಂಟುವಾಳದ ನೊರೆ, ಹಿತ್ತಾಳೆ ಬ್ರಶ್ ಹಾಕಿ ತಿಕ್ಕಿದೆ. ರವೆಗುಂಡುಗಳ ಸಂದಿನಲ್ಲಿ ಕಪ್ಪು ಉಳಿದಿದೆ. ಚೆನ್ನಾಗಿಯೇ ಕಾಣುತ್ತಿದೆ, ಹಾಗೇ ಬಿಡುತ್ತೇನೆ.

ಮುಂದೆ ಹರಳು ಕೂರಿಸಬೇಕು. ಪಟ್ಟಿಯನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಬರಬೇಕು. ಒಂದೇ ಕಡೆಯಿಂದ ಒತ್ತಿದರೆ ಹರಳು ಜರುಗುತ್ತದೆ. ಸರ ಬೆಳ್ಳಿಯದೋ ಕಪ್ಪು ದಾರವೋ ಅಂತ ತಂಗಿ ಇನ್ನೂ ಹೇಳಿಲ್ಲ. ಭೂಮಿ ಹುಣ್ಣಿಮೆಗೆ ಬಂದಾಗ ಎರಡನ್ನೂ ಕತ್ತಿಗೆ ಹಿಡಿದು ನೋಡುತ್ತಾಳಂತೆ.